ಕಾಗದದಲ್ಲಿರುವ ಬೀದಿ ಊರಿನಲ್ಲಿಲ್ಲ: ಮರೆಯಾದ ಬೀದಿಹೆಸರನ್ನು ಪತ್ತೆ ಮಾಡುವ ಬಗೆ

ತಾತನ ಕಾಲದ ಕ್ರಯಪತ್ರದಲ್ಲೋ, ಟ್ರಂಕಿನ ತಳದಲ್ಲಿ ಸಿಕ್ಕ ಅಂಚೆಕಾರ್ಡಿನಲ್ಲೋ ಒಂದು ಬೀದಿಯ ಹೆಸರಿರುತ್ತದೆ. ಗೂಗಲ್ ನಕ್ಷೆಯಲ್ಲಿ ಹಾಕಿದರೆ ಬರುವುದಿಲ್ಲ, ಆಟೋದವರನ್ನು ಕೇಳಿದರೆ ತಲೆಯಾಡಿಸುತ್ತಾರೆ. ಆಸ್ತಿಯ ತಕರಾರಿಗೋ, ವಂಶವೃಕ್ಷ ಬರೆಯುವುದಕ್ಕೋ, ಬರೀ ಕುತೂಹಲಕ್ಕೋ ಅದನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, “ಹೆಸರು ಬದಲಾಯಿಸಿದ ಆದೇಶ ಎಲ್ಲಿ ಸಿಗುತ್ತೆ?” ಎಂದು. ನನ್ನ ಸಲಹೆ ಬೇರೆ. ಆದೇಶ ಕೊನೆಗೆ ಸಿಗಲಿ, ಸಿಗದಿದ್ದರೂ ನಡೆಯುತ್ತದೆ. ಮೊದಲು ಆ ಬೀದಿಯ ಎಡಬಲದಲ್ಲಿ ಏನಿತ್ತು, ಯಾರಿದ್ದರು ಎಂದು ಹುಡುಕಿ. ಹೆಸರು ಹೋದರೂ ಎಲ್ಲೆ ಉಳಿದಿರುತ್ತದೆ.

ಉದಾಹರಣೆಗಳನ್ನು ಹೆಚ್ಚಾಗಿ ಬೆಂಗಳೂರಿನಿಂದ ತೆಗೆದುಕೊಂಡಿದ್ದೇನೆ. ಇಲ್ಲಿ ಬೀದಿಹೆಸರುಗಳು ಬದಲಾದಷ್ಟು ರಾಜ್ಯದ ಬೇರೆಲ್ಲೂ ಬದಲಾಗಿರಲಿಕ್ಕಿಲ್ಲ. ಕ್ರಮ ಮಾತ್ರ ಯಾವ ಊರಿಗೂ ಹೊಂದುತ್ತದೆ.

1. ಕೈಯಲ್ಲಿರುವ ಕಾಗದವನ್ನು ಮೊದಲು ಪೂರ್ತಿ ಓದಿ

ಹೆಸರನ್ನು ಇದ್ದಂತೆಯೇ ಬರೆದುಕೊಳ್ಳಿ. ತಪ್ಪು ಎಂದು ಕಂಡರೂ ತಿದ್ದಬೇಡಿ. ಹಲಸೂರನ್ನು ಹಳೆಯ ಇಂಗ್ಲಿಷ್ ಕಾಗದಗಳು ಅಲ್ಸೂರ್, ಹಲ್ಸೂರ್, ಉಲ್ಸೂರ್ ಎಂದೆಲ್ಲ ಬರೆದಿವೆ. ಪೇಟೆ ಎಂಬುದು ಪೆಟ್, ಪೆಟ್ಟಾ ಆಗಿದೆ. ಮುಂದೆ ಡಿಜಿಟಲ್ ಸಂಗ್ರಹಗಳಲ್ಲಿ ಹುಡುಕುವಾಗ ಈ ಎಲ್ಲ ರೂಪಗಳೂ ಬೇಕಾಗುತ್ತವೆ.

ತಾರೀಖು ಇದೆಯೇ ನೋಡಿ. ಸಂವತ್ಸರ ಮಾತ್ರ ಇದ್ದರೆ ಎಚ್ಚರ: ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಪ್ರಭವ ಎಂದರೆ 1867 ಆಗಬಹುದು, 1927 ಆಗಬಹುದು, 1987 ಕೂಡ ಆಗಬಹುದು. ಛಾಪಾ ಕಾಗದದ ಮೇಲಿನ ಮುದ್ರೆ ಯಾವ ಸರ್ಕಾರದ್ದು, ಬೆಲೆ ಆಣೆಯಲ್ಲಿದೆಯೋ ಪೈಸೆಯಲ್ಲಿದೆಯೋ ಎಂಬುದು ಇಂಥ ಗೊಂದಲವನ್ನು ಬೇಗ ಬಿಡಿಸುತ್ತದೆ.

ವಿಳಾಸದಲ್ಲಿ ಬೀದಿಯ ಮುಂದೆ ಏನಿದೆ ಎಂಬುದೂ ಮುಖ್ಯ. “ಬೆಂಗಳೂರು ಸಿಟಿ” ಎಂದಿದ್ದರೆ ಒಂದು ದಾರಿ, “ಬೆಂಗಳೂರು ಕಂಟೋನ್ಮೆಂಟ್” ಎಂದಿದ್ದರೆ ಬೇರೆಯೇ ದಾರಿ. ಏಕೆ ಎಂಬುದು ಮುಂದಿನ ಹೆಜ್ಜೆಯಲ್ಲಿದೆ.

2. ಆ ಕಾಲದಲ್ಲಿ ಆ ಬೀದಿ ಯಾವ ಆಡಳಿತದ್ದು?

ದಾಖಲೆಗಳು ಊರಿನ ಹಿಂದೆ ಹೋಗುವುದಿಲ್ಲ, ಆಳಿದವರ ಹಿಂದೆ ಹೋಗುತ್ತವೆ. ಬೆಂಗಳೂರಿನ ಪೇಟೆ ಮೈಸೂರು ಸರ್ಕಾರದ್ದು. ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್, ಹಾಗಲ್ಲ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗಲೂ ಅದು ಬ್ರಿಟಿಷರ ಕೈಯಲ್ಲೇ ಉಳಿದು, 1947ರಲ್ಲಷ್ಟೇ ವಾಪಸಾಯಿತು. ಎರಡಕ್ಕೂ ಬೇರೆಬೇರೆ ಮುನಿಸಿಪಾಲಿಟಿ. ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹಾಗಾಗಿ ದಂಡಿನ ಬೀದಿಯೊಂದರ ಕಾಗದ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಸಿಗದಿದ್ದರೆ ಕೈಚೆಲ್ಲಬೇಡಿ. ಮೈಸೂರು ರೆಸಿಡೆನ್ಸಿಯ (ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ ಕಚೇರಿಯ) ಕಡತಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಅದರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ದಾಖಲೆಗಳು ಇನ್ನೊಂದು ಮೂಲ.

ಬೇರೆ ಊರುಗಳಿಗೂ ಇದೇ ಲೆಕ್ಕ. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಹಳೆಯ ಕಾಗದಗಳಲ್ಲಿ ಮರಾಠಿಯೂ ಮೋಡಿ ಲಿಪಿಯೂ ಎದುರಾಗುತ್ತವೆ, ಓದಿಸಲು ಜನ ಬೇಕು. ಕಲಬುರಗಿ, ರಾಯಚೂರು, ಬೀದರ್ ಕಡೆಯವರಿಗೆ ನಿಜಾಮರ ಕಾಲದ ಉರ್ದು ಕಾಗದ, ಹೈದರಾಬಾದಿನ ಪತ್ರಾಗಾರ. ಮಂಗಳೂರಿನವರಿಗೆ ಮದರಾಸು. ಬಳ್ಳಾರಿಯೂ 1953ರ ಅಕ್ಟೋಬರ್‌ವರೆಗೆ ಮದರಾಸಿನಲ್ಲೇ ಇದ್ದು ಆಮೇಲೆ ಮೈಸೂರಿಗೆ ಸೇರಿದ್ದು. ಉಳಿದವರು ಬಂದದ್ದು 1956ರ ನವೆಂಬರ್ 1ಕ್ಕೆ. ನಿಮ್ಮ ಕಾಗದದ ತಾರೀಖು ಈ ಗೆರೆಗಳ ಯಾವ ಬದಿಗಿದೆ ನೋಡಿಕೊಂಡು ಆಮೇಲೆ ಬಸ್ಸು ಹತ್ತಿ.

3. ಹೆಸರೇ ದಿಕ್ಕು ಹೇಳುತ್ತಿರಬಹುದು

ವ್ಯಕ್ತಿಗಳ ಹೆಸರಿಡುವ ಚಾಳಿ ಜೋರಾಗುವ ಮುಂಚಿನ ಬೀದಿಗಳಿಗೆ ಅಲ್ಲಿ ಇದ್ದುದರ ಹೆಸರೇ ಬರುತ್ತಿತ್ತು. ಸೌತ್ ಪರೇಡ್ ಎಂದರೆ ಪರೇಡ್ ಮೈದಾನದ ದಕ್ಷಿಣಕ್ಕಿದ್ದ ರಸ್ತೆ. 1948ರಲ್ಲಿ ಅದು ಮಹಾತ್ಮ ಗಾಂಧಿ ರಸ್ತೆಯಾಯಿತು. ಹೊಸ ಹೆಸರು ಗೊತ್ತಿಲ್ಲದವನಿಗೂ ಮೈದಾನ ಕಂಡರೆ ರಸ್ತೆ ಸಿಗುತ್ತದೆ. ಅದರ ಒಡಹುಟ್ಟಿನ ಹೆಸರು ಈಸ್ಟ್ ಪರೇಡ್ ಚರ್ಚಿನ ಫಲಕದಲ್ಲಿ ಇಂದಿಗೂ ಇದೆ. ಬೀದಿಯ ಹೆಸರು ಹೋದಾಗ ಶಾಲೆ, ಚರ್ಚು, ಮಸೀದಿ, ಛತ್ರ, ಹೋಟೆಲು, ಔಷಧಿ ಅಂಗಡಿಗಳ ಹೆಸರುಗಳನ್ನು ಒಮ್ಮೆ ಸೋಸಿ ನೋಡಿ. ಸಂಸ್ಥೆಗಳು ಹೆಸರು ಬದಲಿಸಲು ಸೋಮಾರಿಗಳು, ನಮ್ಮ ಪುಣ್ಯ.

ಟ್ಯಾಂಕ್ ಬಂಡ್ ರಸ್ತೆ ಮೆಜೆಸ್ಟಿಕ್ ಪಕ್ಕದಲ್ಲಿ ಈಗಲೂ ಇದೆ. ಟ್ಯಾಂಕೂ ಇಲ್ಲ, ಬಂಡೂ ಇಲ್ಲ. ಅಲ್ಲಿದ್ದದ್ದು ಧರ್ಮಾಂಬುಧಿ ಕೆರೆ, ಅದರ ಅಂಗಳದಲ್ಲೇ ಇಂದಿನ ಬಸ್ ನಿಲ್ದಾಣ.

ಸೆನೋಟಾಫ್ ರಸ್ತೆಯನ್ನು ತೆಗೆದುಕೊಳ್ಳಿ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ನಿಲ್ಲಿಸಿದ್ದ ಸ್ಮಾರಕಸ್ತಂಭ ಈಗಿನ ಹಡ್ಸನ್ ವೃತ್ತದ ಹತ್ತಿರವಿತ್ತು. ಕನ್ನಡ ಚಳವಳಿಯ ಒತ್ತಾಯದ ಮೇಲೆ 1964ರಲ್ಲಿ ಅದನ್ನು ಕೆಡವಿದರು. ರಸ್ತೆ ನೃಪತುಂಗ ರಸ್ತೆಯಾಯಿತು. ಇಲ್ಲಿ ಹೆಸರು ಮಾತ್ರವಲ್ಲ, ಹೆಸರಿಗೆ ಕಾರಣವಾದ ಕಂಬವೂ ಹೋಗಿದೆ. ಆದರೂ ರಸ್ತೆಯನ್ನು ಗುರುತಿಸುವುದು ಕಷ್ಟವಿಲ್ಲ: ಹತ್ತೊಂಬತ್ತನೆಯ ಶತಮಾನದಲ್ಲಿ ಶುರುವಾದ ಸೇಂಟ್ ಮಾರ್ತಾಸ್ ಆಸ್ಪತ್ರೆ, 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಡೇಲಿ ಸ್ಮಾರಕ ಭವನ ಅದೇ ರಸ್ತೆಯಲ್ಲಿ ಇಂದಿಗೂ ಇವೆ. ಜಾಗ ಬದಲಿಸದ ಇಂಥ ಸಂಸ್ಥೆಗಳ ಹಳೆಯ ವರದಿ, ರಸೀದಿ, ಪತ್ರಿಕೆಗಳ ವಿಳಾಸದ ಸಾಲನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಹೆಸರು ಯಾವಾಗ ಬಳಕೆ ತಪ್ಪಿತು ಎಂಬುದು ತಾನಾಗಿ ಕಾಣುತ್ತದೆ. ನಿಮ್ಮ ಬೀದಿಯಲ್ಲೂ ಇಂಥದೊಂದನ್ನು ಹುಡುಕಿಟ್ಟುಕೊಳ್ಳಿ.

4. ಚೆಕ್ಕುಬಂದಿಯ ಸರಪಳಿ ಹಿಡಿಯಿರಿ

ಇಡೀ ಕೆಲಸದಲ್ಲಿ ನಾನು ಹೆಚ್ಚು ನೆಚ್ಚಿಕೊಳ್ಳುವ ಹೆಜ್ಜೆ ಇದು. 1908ರ ನೋಂದಣಿ ಕಾಯ್ದೆಯ 21ನೇ ಕಲಂ ಓದಿದರೆ ಹಳೆಯ ಬೀದಿ ಹುಡುಕುವವರಿಗಾಗಿಯೇ ಬರೆದಂತಿದೆ: ಪಟ್ಟಣದ ಮನೆಯನ್ನು ನೋಂದಾಯಿಸುವಾಗ ಅದು ಯಾವ ಬೀದಿಗೆ ಮುಖ ಮಾಡಿದೆ, ಆ ಬೀದಿಯ ಯಾವ ದಿಕ್ಕಿಗಿದೆ, ಈಗ ಯಾರಿದ್ದಾರೆ, ಹಿಂದೆ ಯಾರಿದ್ದರು, ಮನೆಗಳಿಗೆ ಸಂಖ್ಯೆ ಇದ್ದರೆ ಎಷ್ಟು ಎಂದು ಬರೆಯಬೇಕು. ಅಂದರೆ ಬೀದಿಯ ಹೆಸರನ್ನು ಕಾನೂನೇ ಕೇಳಿ ಬರೆಸಿದೆ. ಇದರ ಜೊತೆಗೆ ನಮ್ಮ ಕಡೆಯ ಪತ್ರಗಳಲ್ಲಿ ಚೆಕ್ಕುಬಂದಿ ಇದ್ದೇ ಇರುತ್ತದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ದೇವಸ್ಥಾನದ ಖಾಲಿ ಜಾಗ.

ಕೆಲಸ ಹೀಗೆ. ನಿಮ್ಮಲ್ಲಿರುವ ಪತ್ರದಲ್ಲಿ ಹಿಂದಿನ ಪತ್ರದ ನಂಬರು, ವರ್ಷ, ಪುಸ್ತಕದ ಸಂಪುಟ, ಪುಟ ಬರೆದಿರುತ್ತಾರೆ. ಅದನ್ನು ಹಿಡಿದು ಉಪನೋಂದಣಿ ಕಚೇರಿಗೆ ಹೋಗಿ. ಸ್ಥಿರಾಸ್ತಿಯ ಪತ್ರಗಳೆಲ್ಲ 1ನೇ ಪುಸ್ತಕದಲ್ಲಿ ನಕಲಾಗಿರುತ್ತವೆ. ಅದಕ್ಕೆ ಎರಡು ಇಂಡೆಕ್ಸ್: ಒಂದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನದು; ಎರಡನೆಯದು ಆಸ್ತಿಯ ವಿವರದ್ದು. ಶುಲ್ಕ ಕಟ್ಟಿದರೆ 1ನೇ ಪುಸ್ತಕವನ್ನೂ ಅದರ ಇಂಡೆಕ್ಸನ್ನೂ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. 57ನೇ ಕಲಂ ಹಾಗೆನ್ನುತ್ತದೆ. ಉಯಿಲುಗಳ ಪುಸ್ತಕಕ್ಕೆ ಈ ಸಲೀಸು ಇಲ್ಲ. ಕೌಂಟರಿನಲ್ಲಿ “ನಿಮಗೇನು ಸಂಬಂಧ?” ಎಂದು ಕೇಳಿದರೆ ಸಿಟ್ಟಾಗದೆ ಕಲಂ ಸಂಖ್ಯೆ ಹೇಳಿ, ಅರ್ಜಿಯಲ್ಲೇ ಬರೆದುಕೊಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಸಿಗುವ ಋಣಭಾರ ಪತ್ರ ಇತ್ತೀಚಿನ ದಶಕಗಳದು ಮಾತ್ರ. ಹಳೆಯದಕ್ಕೆ ಕಚೇರಿಯ ಪುಸ್ತಕವೇ ಗತಿ. ಕಚೇರಿಗಳ ವ್ಯಾಪ್ತಿಯೂ ಬದಲಾಗಿರುತ್ತದೆ, ಆದ್ದರಿಂದ ಆ ವರ್ಷದಲ್ಲಿ ನಿಮ್ಮ ಬಡಾವಣೆ ಯಾವ ಕಚೇರಿಗೆ ಸೇರಿತ್ತು ಎಂದು ಮೊದಲೇ ಕೇಳಿಕೊಳ್ಳಿ.

ಪತ್ರದಿಂದ ಪತ್ರಕ್ಕೆ ಹಿಂದೆ ಹೋಗುವಾಗ ನಾಲ್ಕು ದಿಕ್ಕುಗಳನ್ನು ಒಂದು ಪಟ್ಟಿಯಲ್ಲಿ ಬರೆಯುತ್ತ ಹೋಗಿ. 1970ರ ಪತ್ರ ಪಶ್ಚಿಮಕ್ಕೆ ಹೊಸ ಹೆಸರಿನ ರಸ್ತೆ ಎನ್ನುತ್ತದೆ, 1940ರದು ಅದೇ ಪಶ್ಚಿಮಕ್ಕೆ ಹಳೆಯ ಹೆಸರು ಹೇಳುತ್ತದೆ, ಪೂರ್ವದ ನೆರೆಮನೆಯವರು ಎರಡರಲ್ಲೂ ಒಂದೇ ಮನೆತನದವರು ಎಂದಿಟ್ಟುಕೊಳ್ಳಿ. ಹಾಗಾದರೆ ಎರಡು ಹೆಸರೂ ಒಂದೇ ರಸ್ತೆಯವು ಎನ್ನಲು ಆದೇಶದ ಪ್ರತಿಯೇ ಬೇಕಿಲ್ಲ. ನಿಮ್ಮ ಮನೆಯ ಪತ್ರ ಕೈಕೊಟ್ಟರೆ ಎದುರು ಮನೆಯ ಪತ್ರ ನೋಡಿ. ಅವರ ಪೂರ್ವ ನಿಮ್ಮ ಪಶ್ಚಿಮ. ಒಂದೇ ಬೀದಿಯ ಮೂರ್ನಾಲ್ಕು ಮನೆಗಳ ಪತ್ರ ಹೊಂದಿದರೆ ಬೀದಿಯ ಉದ್ದಗಲವೂ ಕೈಗೆ ಬರುತ್ತದೆ. ಹಳೇ ಮೈಸೂರಿನ ಪತ್ರಗಳಲ್ಲಿ ಅಳತೆ ಗಜ, ಅಂಕಣಗಳಲ್ಲಿರುತ್ತದೆ. ಅಂಕಣ ಎಂದರೆ ಕಂಬಗಳ ನಡುವಿನ ಜಾಗ, ಅದು ಮನೆಯಿಂದ ಮನೆಗೆ ವ್ಯತ್ಯಾಸವಾಗುವುದರಿಂದ ಅದನ್ನು ಅಡಿಗೆ ತಿರುಗಿಸುವ ಸಾಹಸ ಬೇಡ.

“ಸರ್ಕಾರಿ ರಸ್ತೆ”, “ಸಾರ್ವಜನಿಕ ಗಲ್ಲಿ” ಎಂದಷ್ಟೇ ಬರೆದು ಕೈತೊಳೆದುಕೊಂಡ ಪತ್ರಬರಹಗಾರರೂ ಬೇಕಾದಷ್ಟು ಮಂದಿ. ಅವರನ್ನು ಶಪಿಸಿ ಮುಂದೆ ಹೋಗಿ.

5. ಖಾತಾ, ಕಂದಾಯ, ನಡವಳಿ

ಪಾಲಿಕೆಯ ಖಾತಾ ಪ್ರತಿಯಲ್ಲಿ ಹಳೇ ನಂಬರು, ಹೊಸ ನಂಬರು ಎರಡೂ ಇರುವುದುಂಟು. ಬಿಬಿಎಂಪಿ ಕಾಲದ ಪಿಐಡಿ (ಆಸ್ತಿ ಗುರುತಿನ) ಸಂಖ್ಯೆಯಲ್ಲಿ ಮೊದಲ ಭಾಗ ವಾರ್ಡಿನದು, ನಡುವಿನದು ಬೀದಿಯದು, ಕೊನೆಯದು ನಿವೇಶನದ್ದು. ಅಂದರೆ ಹೆಸರು ಏನೇ ಆಗಲಿ ಬೀದಿಗೊಂದು ಅಂಕಿ ಇದೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳಾಗಿವೆ, ನಿಮ್ಮ ಕಡತ ಈಗ ಯಾವುದರಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಹಳೇ ಊರಿನ ಭಾಗದವರಿಗೆ ಇದಕ್ಕಿಂತ ಒಳ್ಳೆಯ ಆಸರೆಯಿದೆ: ಸಿಟಿ ಸರ್ವೆ ಕಚೇರಿಯ ಸಿಟಿಎಸ್ ನಂಬರು ಮತ್ತು ನಕ್ಷೆ. ಬೀದಿಯ ಹೆಸರು ಎಷ್ಟು ಸಲ ಬದಲಾದರೂ ಸರ್ವೆ ನಂಬರು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಹೆಸರು ಬದಲಿಸಿದ ನಿರ್ಣಯ ಪಾಲಿಕೆಯ ಅಥವಾ ಪುರಸಭೆಯ ನಡವಳಿ ಪುಸ್ತಕದಲ್ಲಿರಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು ಎಂದಿದೆ. ಇದನ್ನು ಮರೆತು ಊರ ಚರಿತ್ರೆಯನ್ನೆಲ್ಲ ಬರೆದವರ ಅರ್ಜಿ ವಾಪಸು ಬರುತ್ತದೆ. “ಹಳೆಯ ಹೆಸರಿನ ಮಾಹಿತಿ ಕೊಡಿ” ಎಂದರೆ “ಮಾಹಿತಿ ಲಭ್ಯವಿಲ್ಲ” ಎಂಬ ಒಂದು ಸಾಲು ಬರುತ್ತದೆ. ಬದಲಿಗೆ “ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಸಾಮಾನ್ಯ ಸಭೆಯ ನಡವಳಿಗಳಲ್ಲಿ ರಸ್ತೆ ನಾಮಕರಣದ ನಿರ್ಣಯಗಳ ಪ್ರತಿ ಕೊಡಿ, ಇಲ್ಲವೇ ನಡವಳಿ ಪುಸ್ತಕ ಪರಿಶೀಲಿಸಲು ಅವಕಾಶ ಕೊಡಿ” ಎಂದು ಬರೆಯಿರಿ. ವರ್ಷಗಳ ಅಂತರ ಕಡಿಮೆಯಿದ್ದಷ್ಟೂ ಒಳ್ಳೆಯದು, ಆ ಅಂತರವನ್ನು ಕೊಡುವುದು ನಾಲ್ಕನೆಯ ಹೆಜ್ಜೆಯ ಪತ್ರಗಳೇ.

6. ನಕ್ಷೆ

1791ರ ಮುತ್ತಿಗೆಯ ಕಾಲದಲ್ಲಿ ಕ್ಲಾಡ್ ಮಾರ್ಟಿನ್ ಬರೆದ ಬೆಂಗಳೂರಿನ ನಕ್ಷೆ ಅಂತರ್ಜಾಲದಲ್ಲಿ ಸಿಗುತ್ತದೆ, ನೋಡಲು ಚೆಂದ. ಆದರೆ ಸೇನೆಯ ನಕ್ಷೆಗಳಿಗೆ ಬೇಕಾದದ್ದು ಕೋಟೆ, ಕಂದಕ, ಬಾಗಿಲು. ಓಣಿಯ ಹೆಸರಿನ ಗೊಡವೆ ಅವುಗಳಿಗಿಲ್ಲ. ಸರ್ವೆ ಆಫ್ ಇಂಡಿಯಾದ, ಮೈಲಿಗೆ ಒಂದಿಂಚಿನ ಅಳತೆಯ ಹಾಳೆಗಳೂ ಬೀದಿಗೆ ಸಾಲವು. ನಿಮಗೆ ಬೇಕಾದದ್ದು ಪಟ್ಟಣದ ದೊಡ್ಡ ಅಳತೆಯ ಗೈಡ್ ನಕ್ಷೆಗಳು, ಮುನಿಸಿಪಲ್ ನಕ್ಷೆಗಳು.

ಹಳೆಯದರ ಮೇಲೆ ಹೊಸದನ್ನು ಕೂರಿಸಲು ಕ್ಯೂಜಿಐಎಸ್, ಮ್ಯಾಪ್ ವಾರ್ಪರ್ ಎಂಬ ಉಚಿತ ತಂತ್ರಾಂಶಗಳಿವೆ. ಗುರುತಿಗೆ ವೃತ್ತಗಳನ್ನು ಹಿಡಿಯಬೇಡಿ, ಅವು ಸರಿಯುತ್ತವೆ. ದೇವಸ್ಥಾನ, ಚರ್ಚು, ದರ್ಗಾ, ಸ್ಮಶಾನ ಒಳ್ಳೆಯವು: ತಿಗಳರಪೇಟೆಯ ಧರ್ಮರಾಯನ ಗುಡಿ, ಕೋಟೆ ವೆಂಕಟರಮಣ, ಹಲಸೂರಿನ ಸೋಮೇಶ್ವರ. ಪೇಟೆಯಲ್ಲಾದರೆ ಉತ್ತರ-ದಕ್ಷಿಣದ ದೊಡ್ಡಪೇಟೆ, ಪೂರ್ವ-ಪಶ್ಚಿಮದ ಚಿಕ್ಕಪೇಟೆ ಕೂಡುವ ಚೌಕವೇ ಸಾಕು. ದೊಡ್ಡಪೇಟೆಯ ಹೆಸರು ಅವೆನ್ಯೂ ರಸ್ತೆಯಾಗಿದೆ, ಗೆರೆ ಮಾತ್ರ ಅದೇ.

7. ಅಚ್ಚಾದ ವಿಳಾಸಗಳು

ಹಳೆಯ ಕನ್ನಡ ಪುಸ್ತಕಗಳ ಮೊದಲ ಪುಟದಲ್ಲಿ ಮುದ್ರಣಾಲಯದ ವಿಳಾಸ, ವರ್ಷ ಎರಡೂ ಇರುತ್ತವೆ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಇಂಥವು ಸಾವಿರಾರು ಇವೆ. ಪತ್ರಿಕೆಗಳ ಜಾಹೀರಾತು ಇನ್ನೂ ಒಳ್ಳೆಯದು, ಏಕೆಂದರೆ ತಾರೀಖು ಖಚಿತ. ಪ್ರಜಾವಾಣಿಯೇ 1948ರಿಂದ ಇದೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಹಳೆಯದನ್ನು ಕೇಳಿ ನೋಡಿ. ಮನೆಯಲ್ಲಿ ಹುಡುಕಬೇಕಾದದ್ದು ಲಗ್ನಪತ್ರಿಕೆ, ಕಂದಾಯದ ರಸೀದಿ, ರೇಷನ್ ಕಾರ್ಡು, ಶಾಲೆಯ ಟಿಸಿ. ಲಗ್ನಪತ್ರಿಕೆಯಲ್ಲಿ ಛತ್ರದ ವಿಳಾಸದ ಜೊತೆ “ಇಂಥ ಟಾಕೀಸ್ ಹಿಂಭಾಗ” ಎಂದೂ ಇರುತ್ತದೆ. ಆ ಟಾಕೀಸ್ ಹೋಗಿದ್ದರೂ ಅದು ಎಲ್ಲಿತ್ತು ಎಂದು ಹೇಳಬಲ್ಲವರು ಇನ್ನೂ ಇದ್ದಾರೆ.

8. ಹಿರಿಯರ ಬಳಿ ಕೂರುವುದು

ಇದಕ್ಕೆ ಕಾಗದದ ತಯಾರಿ ಮುಗಿಸಿಕೊಂಡೇ ಹೋಗಿ. ಆದರೆ ಕಾಗದವನ್ನು ಮೊದಲೇ ತೋರಿಸಬೇಡಿ. “ಅಜ್ಜಿ, ಈ ಬೀದಿಗೆ ಮುಂಚೆ ಇಂಥ ಹೆಸರಿತ್ತಂತೆ, ಹೌದಾ?” ಎಂದು ಕೇಳಿದರೆ ಬಂದವರ ಮನಸ್ಸು ನೋಯಿಸಬಾರದೆಂದು ಹೌದು ಎಂದುಬಿಡುತ್ತಾರೆ. ನೇರವಾಗಿ “ಹಳೇ ಹೆಸರು ಏನು?” ಎಂದರೂ ಬಹಳ ಸಲ ನೆನಪಾಗುವುದಿಲ್ಲ. ಬಳಸಿದ ಸಂದರ್ಭ ಕೇಳಬೇಕು: “ಊರಿಗೆ ಕಾಗದ ಬರೀವಾಗ ವಿಳಾಸ ಏನಂತ ಹಾಕ್ತಿದ್ರಿ?” “ಜಟಕಾದವನಿಗೆ ಎಲ್ಲಿಗೆ ಬಿಡು ಅಂತಿದ್ರಿ?” “ಹಾಲಿನವನು ಈ ಕಡೆಗೆ ಏನಂತಿದ್ದ?” ಮೂರಕ್ಕೂ ಬೇರೆಬೇರೆ ಉತ್ತರ ಬಂದರೆ ಗಾಬರಿ ಬೇಡ. ಅಂಚೆಯ ಹೆಸರು, ಪಾಲಿಕೆಯ ಹೆಸರು, ಬಾಯಿಮಾತಿನ ಹೆಸರು ಮೂರೂ ಒಂದೇ ಬೀದಿಗೆ ಒಂದೇ ಕಾಲದಲ್ಲಿ ಇರಬಲ್ಲವು. ಕೆಂಗಲ್ ಹನುಮಂತಯ್ಯ ರಸ್ತೆಯ ಫಲಕದ ಕೆಳಗೇ ನಿಂತು ಜನ ಡಬಲ್ ರೋಡ್ ಎನ್ನುತ್ತಾರಲ್ಲ, ಹಾಗೆ. ಇಂದಿರಾನಗರದಲ್ಲೂ ಒಂದು ಡಬಲ್ ರೋಡ್ ಇದೆ ಎಂಬುದನ್ನು ಮರೆಯಬೇಡಿ. ಬಾಯಿಮಾತಿನ ಹೆಸರಿನ ಅಪಾಯ ಅದೇ.

ಯಾರನ್ನು ಕೇಳಬೇಕು? ನಿವೃತ್ತ ಪೋಸ್ಟ್‌ಮನ್, ಅರ್ಚಕರು, ಮಸೀದಿಯ ಮುತವಲ್ಲಿ, ತಲೆಮಾರುಗಳಿಂದ ಅದೇ ಜಾಗದಲ್ಲಿರುವ ಅಂಗಡಿಯ ಯಜಮಾನರು. ಇವರಿಗಿಂತ ಹೆಚ್ಚಾಗಿ ನಾನು ಹುಡುಕುವುದು ಆ ಬೀದಿಯಲ್ಲಿ ಹುಟ್ಟಿ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು. ಅಲ್ಲೇ ಉಳಿದವರ ಬಾಯಲ್ಲಿ ಹೊಸ ಹೆಸರು ಕೂತುಬಿಟ್ಟಿರುತ್ತದೆ. ಬಿಟ್ಟು ಹೋದವರ ತವರಿನ ವಿಳಾಸ ಅವರು ಬಿಟ್ಟ ವರ್ಷದಲ್ಲೇ ನಿಂತಿರುತ್ತದೆ, ಮದುವೆಯ ವರ್ಷ ಕೇಳಿದರೆ ಹೆಸರಿಗೊಂದು ತಾರೀಖೂ ಸಿಕ್ಕಿತು.

ಉತ್ಸವದ ಹಾದಿಯನ್ನು ತಪ್ಪದೆ ವಿಚಾರಿಸಿ. ಬೆಂಗಳೂರು ಕರಗ ಧರ್ಮರಾಯನ ಗುಡಿಯಿಂದ ಹೊರಟು ಪೇಟೆಯ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಹಾದಿ ಪರಂಪರೆಯದು, ಅದನ್ನು ಹೇಳುವ ಹಿರಿಯರು ಬೀದಿಗಳನ್ನು ತಮ್ಮ ಹೆಸರಿನಲ್ಲೇ, ಒಂದರ ಹಿಂದೊಂದರಂತೆ ಹೇಳುತ್ತಾರೆ. ಆ ಕ್ರಮವೇ ನಿಮಗೆ ಬೇಕಾದದ್ದು: ಯಾವ ಬೀದಿ ಆದಮೇಲೆ ಯಾವುದು ಎಂದು ತಿಳಿದರೆ ನಡುವಿನ ಕಾಣದ ಹೆಸರನ್ನು ನಕ್ಷೆಯಲ್ಲಿ ಕೂರಿಸಬಹುದು. ನಿಮ್ಮೂರಿನ ತೇರು, ಉರುಸು, ಮೇರಿಯಮ್ಮನ ಮೆರವಣಿಗೆಗೂ ಇದು ಹೊಂದುತ್ತದೆ. ದೇವಸ್ಥಾನದ ಹಳೆಯ ಕರಪತ್ರಗಳಲ್ಲಿ ಹಾದಿ ಅಚ್ಚಾಗಿಯೂ ಇರಬಹುದು.

ಒಪ್ಪಿಗೆ ಕೇಳಿ ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಸಾಧ್ಯವಾದರೆ ಅವರನ್ನು ಬೀದಿಗೇ ಕರೆದುಕೊಂಡು ಹೋಗಿ ನಿಧಾನ ನಡೆಯಿರಿ. ಕುರ್ಚಿಯಲ್ಲಿ ಕೂತು ನೆನಪಾಗದ್ದು ಬಾವಿಯಿದ್ದ ಮೂಲೆಗೆ ಬಂದಾಗ ನೆನಪಾಗುತ್ತದೆ. ಹೆಸರು “ಹೇಗೆ ಬಂತು” ಎಂಬ ಕಥೆ ಕೇಳದೆಯೇ ಬರುತ್ತದೆ. ರಾಜ, ರಾಣಿ, ಹುಲಿ ಎಲ್ಲ ಇರುತ್ತಾರೆ. ಬೇರೆ ಪುಟದಲ್ಲಿ ಬರೆದುಕೊಳ್ಳಿ, ಪುರಾವೆಯ ಜೊತೆ ಬೆರೆಸಬೇಡಿ.

9. ಪುರಾವೆಗಳನ್ನು ತೂಗುವುದು

ಜಾಗ ಯಾವುದು ಎಂಬ ಪ್ರಶ್ನೆಗೆ ನಾನು ಮೊದಲು ನಂಬುವುದು ಪತ್ರವನ್ನು, ಆಮೇಲೆ ನಕ್ಷೆಯನ್ನು, ಆಮೇಲೆ ನೆನಪನ್ನು. ಜನ ನಿಜವಾಗಿ ಏನೆನ್ನುತ್ತಿದ್ದರು ಎಂಬ ಪ್ರಶ್ನೆಗೆ ಈ ಸಾಲು ತಲೆಕೆಳಗು. ಎರಡು ಸ್ವತಂತ್ರ ಮೂಲಗಳು ಕೂಡದೆ ತೀರ್ಮಾನ ಬರೆಯಬೇಡಿ. ಒಂದು ಗೆಜೆಟಿಯರನ್ನು ನೋಡಿ ಬರೆದ ಮೂರು ಲೇಖನಗಳು ಮೂರು ಮೂಲಗಳಾಗುವುದಿಲ್ಲ.

ಬೀದಿಯೇ ಹೋಗಿ ಹೆಸರು ಬೇರೆಡೆ ಉಳಿದಿರಬಹುದು, ಇದನ್ನೂ ಪರೀಕ್ಷಿಸಿ. ರಸ್ತೆ ಅಗಲೀಕರಣ, ಮಾರುಕಟ್ಟೆ, ಮೆಟ್ರೊಗಳಿಗೆ ಇಡೀ ಓಣಿಗಳೇ ಹೋಗಿವೆ. 1949ಕ್ಕೆ ಮುಂಚೆ ಸಿಟಿ, ಕಂಟೋನ್ಮೆಂಟ್ ಬೇರೆಯಾಗಿದ್ದುದರಿಂದ ಒಂದೇ ಹೆಸರು ಎರಡೂ ಕಡೆ ಇದ್ದಿರಬಹುದು.

ಬದಲಾವಣೆಗೆ ಒಂದು ತಾರೀಖು ಹಾಕುವ ಆಸೆ ಎಲ್ಲರಿಗೂ. ಹಳೆಯ ಹೆಸರು ಕೊನೆಗೆ ಕಂಡ ವರ್ಷ, ಹೊಸದು ಮೊದಲು ಕಂಡ ವರ್ಷ ಎರಡನ್ನೂ ಬರೆದು, ನಿರ್ಣಯ ಸಿಕ್ಕಿದ್ದರೆ ಅದರ ತಾರೀಖನ್ನು ಪ್ರತ್ಯೇಕ ಬರೆಯಿರಿ. ಎರಡು ಹೆಸರೂ ವರ್ಷಗಟ್ಟಲೆ ಜೊತೆಜೊತೆಗೆ ಓಡುವುದು ಮಾಮೂಲು, ಅದನ್ನು ಮುಚ್ಚಬೇಡಿ.

ಕೊನೆಯ ಕೆಲಸ, ಸಿಕ್ಕಿದ್ದನ್ನು ಇನ್ನೊಬ್ಬರಿಗೆ ಸಿಗುವಂತೆ ಇಡುವುದು. ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿ ಪ್ರತಿ ರಸ್ತೆಗೂ ‘ಓಲ್ಡ್ ನೇಮ್’ ಎಂಬ ಪ್ರತ್ಯೇಕ ಟ್ಯಾಗ್ ಇದೆ. ಹಳೆಯ ಹೆಸರನ್ನು ಅಲ್ಲಿ ಹಾಕಿ, ಈಗಿನ ಹೆಸರಿನ ಜಾಗ ಮುಟ್ಟಬೇಡಿ. ಮೂಲದ ಸಾಲಿನಲ್ಲಿ ಪತ್ರದ ವರ್ಷವನ್ನೂ ಕಚೇರಿಯನ್ನೂ ಬರೆದರೆ ಸಾಕು, ಮನೆಯವರ ಹೆಸರು, ಮನೆ ನಂಬರು ಬೇಡ. ಪತ್ರಗಳ ಮೂಲಪ್ರತಿಗಳನ್ನು ಯಾರಿಗೂ ಕೊಡಬೇಡಿ, ಸ್ಕ್ಯಾನ್ ಮಾತ್ರ ಕೊಡಿ.